ತಿಪ್ಪಣ್ಣನ ತೊಟ್ಟಿಲು

ಬಜೆ ತೇಯುವ ವಾಸನೆ ಬಂದರೆ ಇಂದಿಗೂ ನನ್ನ ಎದೆ ಧಸಕ್ಕೆನ್ನುತ್ತದೆ.

ಅರವತ್ತರ ದಶಕದ ಆ ಮಧ್ಯಾಹ್ನ, ಅಹಮದಾಬಾದಿನ ನಮ್ಮ ಬಾಡಿಗೆ ಮನೆಯಲ್ಲಿ ತಮ್ಮನಿಗೆ ಹೆಸರಿಡುವವರಿದ್ದರು. ಧಾರವಾಡದಿಂದ ಬಂದ ಅಜ್ಜಿ ಅವನಿಗೆ ಬಜೆ ನೆಕ್ಕಿಸುತ್ತ, "ತಿಪ್ಪಣ್ಣ ಅಂತ ಇಡೂಣು. ಹಿಂದಿನ ಎರಡೂ ಕೂಸು ಉಳೀಲಿಲ್ಲ. ಕಸದ ತಿಪ್ಪಿ ಹೆಸರಿಟ್ರ ಸಾವಿನ ಕಣ್ಣು ಬೀಳೂದಿಲ್ಲ," ಎಂದಳು.

"ನಮ್ಮ ಬ್ಯಾಂಕಿನವ್ರೆಲ್ಲ ಬಂದಾರ, ಅವ್ವಾ. ಮರ್ಯಾದಿ ತಗೀಬ್ಯಾಡ. ರಾಜೇಶ ಅಂತ ಇಡೂದು," ಎಂದ ಅಪ್ಪ.

ಶಾಸ್ತ್ರದಂತೆ ಅತ್ತೆ ತೊಟ್ಟಿಲ ಮೇಲಿಂದ ಕೂಸನ್ನು ಅಜ್ಜಿಯ ಕೈಗೆ ದಾಟಿಸಿದಳು. ಕೆಳಗಿನಿಂದ ಮರಳಿಸುತ್ತ ಅಜ್ಜಿ, "ಗೋಪಾಳನ್ನ ತಗೋರಿ, ಗೋವಿಂದನ್ನ ತಗೋರಿ," ಎಂದವಳು, "ತಿಪ್ಪಣ್ಣನ್ನ ತಗೋರಿ," ಎಂದುಬಿಟ್ಟಳು.

"ಅವ್ವಾ!" ಅಪ್ಪ ಗದರಿದ. ಅಜ್ಜಿ ಬೆಚ್ಚಿದಳು. ಕೂಸು ಸುತ್ತಿದ್ದ ರೇಷ್ಮೆ ಬಟ್ಟೆಯಿಂದ ಜಾರಿತು. ತಲೆ ನೆಲಕ್ಕೆ ಬಡಿಯುವ ಮುನ್ನ ಪಕ್ಕದ ಮನೆಯ ಕಾಂತಾಬೆನ್, "ಅರೆ ಬಾಪ್ ರೇ!" ಎನ್ನುತ್ತ ಹಿಡಿದುಕೊಂಡಳು.

"ಈ ಮುದುಕಿ ಕೈಯಾಗ ಕೂಸು ಕೊಟ್ಟವ್ರು ಯಾರು?" ಎಂದ ಅಪ್ಪ, ಎಲ್ಲರೆದುರಿಗೆ.

ಅಮ್ಮ ಎದ್ದು ಕಾಂತಾಬೆನ್ ಕೈಯಿಂದ ಕೂಸನ್ನು ಎತ್ತಿಕೊಂಡಳು. ಅದರ ಕಿವಿಗೆ ಬಾಯಿಟ್ಟು, ಎಲ್ಲರಿಗೂ ಕೇಳುವಂತೆ, "ತಿಪ್ಪಣ್ಣ," ಎಂದಳು. ಅಪ್ಪ ತಲೆ ತಗ್ಗಿಸಿದ.

ಆ ಹೆಸರೇ ಉಳಿಯಿತು. ಆದರೆ ಊರಿಗೆ ಹೊರಡುವ ತನಕ ಅಜ್ಜಿ ಕೂಸನ್ನು ಮುಟ್ಟಲಿಲ್ಲ. ಅದು ಅತ್ತರೆ, ಕೈಗಳನ್ನು ಸೆರಗಿನೊಳಗೆ ಹುದುಗಿಸಿಕೊಂಡು, ದೂರದಿಂದಲೇ ಹೆಸರು ಹಿಡಿದು ರಮಿಸುತ್ತಿದ್ದಳು.