ತುಟಿಯಲ್ಲಿ ಮೂರು ಸ್ಕ್ರೂ

ಅಧ್ಯಕ್ಷರ ಮೈಕು ಕೈಕೊಟ್ಟಿದ್ದೇ ತಡ, ರಿಪೇರಿ ಮಸೂದೆ ಪರಿಶೀಲಿಸುತ್ತಿದ್ದ ಇಡೀ ಸಮಿತಿ ಕಣ್ಣು ಕಣ್ಣು ಬಿಟ್ಟಿತು. ಹೆಣದಿಂದಲೂ ಹಾಡು ಹೊರಡಿಸಬಲ್ಲ ರೇಡಿಯೋ ಮಾಮ ಮಾತ್ರ ಸ್ಕ್ರೂಡ್ರೈವರ್ ಹಿಡಿದು ಮೇಜಿನಡಿ ನುಗ್ಗಿದ. ಮಸೂದೆಯಿಂದ ಬೀದಿ ಮೆಕ್ಯಾನಿಕ್‌ಗಳನ್ನು ಕೈಬಿಡಬೇಡಿ ಎಂದು ಅವರ ಪರವಾಗಿ ಹೇಳಲು ಬಂದಿದ್ದ ಮೆಕ್ಯಾನಿಕ್ ಅವನೊಬ್ಬನೇ.

ಬಿಚ್ಚಿದ ಸ್ಕ್ರೂಗಳನ್ನು ತುಟಿಯಲ್ಲಿ ಕಚ್ಚಿಕೊಳ್ಳುವುದು ಅವನ ನಲವತ್ತು ವರ್ಷಗಳ ಚಾಳಿ. ರೆಪ್ಪೆ ಬಡಿಯುವಷ್ಟರಲ್ಲಿ ವೈರು ಕೂಡಿತು. ಮೈಕಿನಲ್ಲಿ ಅಧ್ಯಕ್ಷರ ದನಿ ಏಳೂರಿಗೆ ಕೇಳುವಂತೆ ಗುಡುಗಿತು.

"ಇನ್ಮೇಲೆ ಕಂಪನಿಯವರು ಮಾತ್ರ ಮೆಷಿನ್ ಬಿಚ್ಚಬೇಕು ಅಂತ ತಿದ್ದುಪಡಿ. ಮೆಕ್ಯಾನಿಕ್‌ಗಳ ಕಡೆಯಿಂದ ಆಕ್ಷೇಪ ಇದೆಯಾ?"

"ಮ್ಮ್... ಮ್ಮ್," ಎಂದ ಮಾಮ. ಮೂರು ಸ್ಕ್ರೂಗಳನ್ನು ಅಂಗೈಗೆ ಉಗುಳುವಷ್ಟರಲ್ಲಿ, ಅವನ ತಲೆಯ ಮೇಲೆ ಸದಸ್ಯರೆಲ್ಲ ಮೇಜು ಕುಟ್ಟಿಯಾಗಿತ್ತು.

"ಯಾರೂ ಮಾತಾಡ್ಲಿಲ್ಲ, ಪಾಸಾಯ್ತು," ಎಂದ ಅಧ್ಯಕ್ಷರು ಕೆಳಗೆ ಬಗ್ಗಿ ನೋಡಿದರು. "ಮೈಕು ಫಸ್ಟ್ ಕ್ಲಾಸಾಗಿದೆ ಕಣಯ್ಯ. ಏಳು, ಅದೇನೋ ಹೇಳ್ಬೇಕು ಅಂದಿದ್ಯಲ್ಲ, ಈಗ ಹೇಳು."