ಎದುರು ಸಾಲು

"ಮಲಗಿದ್ದಾಗಲೂ ಮುಖ ಕಾಣಬೇಕು. ದೀಪ ಆರಿಸಿದ್ದರೂ."

ಗಾಜಿನ ಪೆಟ್ಟಿಗೆಯ ಮೇಲಿದ್ದ ಜೆಯಂತಿಯ ಕೈ ಅಲ್ಲೇ ನಿಂತಿತು. ತಮಿಳುನಾಡಿನ ಕಂಬಂ ಬಸ್ ಸ್ಟ್ಯಾಂಡಿನ ಎದುರಿನ ಈ ಮೊಬೈಲ್ ಅಂಗಡಿಗೆ ರೀಲ್ಸಿಗಾಗಿ, ಗೇಮಿಗಾಗಿ, ಮದುವೆ ಫೋಟೋಗಾಗಿ ಫೋನ್ ಕೇಳಿಕೊಂಡು ಬರುವವರಿದ್ದರು. ಮಲಗಿದವರನ್ನು ಕಾಯಲು ಫೋನ್ ಕೇಳಿದವರು ಇವರೇ ಮೊದಲು.

ಹೆಸರು ಕಂದಸಾಮಿ, ಊರು ತೇವಾರಂ ಎಂದಿದ್ದರು. ಬಿಳಿ ವೇಷ್ಟಿ, ಹಣೆಯಲ್ಲಿ ನಾಮ, ಒಂದು ಕಿವಿಯಲ್ಲಿ ಇಯರ್‌ಫೋನ್. ಅಂಗಿಯ ಜೇಬಿನಲ್ಲಿದ್ದ ಹಳೆಯ ಫೋನಿನ ಕ್ಯಾಮೆರಾ ಅಂಚಿನ ಮೇಲಿಂದ ಇಣುಕುತ್ತಿತ್ತು. ಪಕ್ಕದ ಕೌಂಟರಿನಲ್ಲಿ ಸುಂದರ್ ಗಿರಾಕಿಯಿಲ್ಲದೆ ಆಕಳಿಸುತ್ತಿದ್ದ. ಆದರೂ ಇವರು, ಜೆಯಂತಿ ತನ್ನ ತಾಯಿಗೆ "ಬತ್ತೀನವ್ವಾ, ಇಡು" ಎಂದು ಕನ್ನಡದಲ್ಲಿ ಫೋನಿನಲ್ಲಿ ಹೇಳಿ ಮುಗಿಸುವವರೆಗೂ ಕಾದು, ಅವಳ ಮುಂದೆಯೇ ಬಂದು ನಿಂತಿದ್ದರು. ಮಾತಾಡಿದ್ದು ಮಾತ್ರ ತಮಿಳಿನಲ್ಲಿ.

"ವಿಡಿಯೋ ಕಾಲ್ ಹಗಲೂ ರಾತ್ರಿ ಓಡಿದರೆ ಬ್ಯಾಟರಿ ತಾಳುತ್ತಾ?"

"ಯಾರಿಗಯ್ಯಾ ಫೋನು?"

"ಮನೇಲಿರೋ ಒಬ್ಬರಿಗೆ."

"ಕಾಯಿಲೆಯವರಾ?"

"ಅಲ್ಲ."

"ಮತ್ತೆ, ಹೊರಗೆ ಓಡಾಡಲ್ವಾ?"

"ಬಿಡೋದಿಲ್ಲ."

ಜೆಯಂತಿಗೆ ಅಕ್ಕ ಅಭಿರಾಮಿಯ ನೆನಪಾಯಿತು. ಅಕ್ಕನ ಗಂಡ ಅಡುಗೆಮನೆಗೂ ಕ್ಯಾಮೆರಾ ಹಾಕಿಸಿದ್ದ. ಅಕ್ಕ ಈಗ ಅಳುವುದಕ್ಕೂ ಹಿತ್ತಿಲಿಗೆ ಹೋಗುತ್ತಾಳೆ.

ಅವಳು ಎರಡು ಫೋನ್ ಮುಂದಿಟ್ಟಳು. ಎರಡೂ ನಡುತರದವು. ಒಂದು ಇಟ್ಟಿಗೆಯಂತೆ ದಪ್ಪ. ಕ್ಯಾಮೆರಾ ಮಂಕು, ಪರದೆ ಸಪ್ಪೆ, ಆದರೆ ಬ್ಯಾಟರಿ ಸಾಯುವುದೇ ಇಲ್ಲ. ಇನ್ನೊಂದು ತೆಳ್ಳಗೆ, ಚಂದ; ಕತ್ತಲಲ್ಲೂ ಮುಖ ಹೊಳೆಯುತ್ತದೆ. ಅದರ ಕೊರತೆ ಅಂಗಡಿಯವರಿಗಷ್ಟೇ ಗೊತ್ತು. ವಿಡಿಯೋ ಕಾಲ್ ಉದ್ದವಾದರೆ ಕಾದ ಹಂಚಿನಂತಾಗಿ ತಾನಾಗಿ ಆರಿಹೋಗುತ್ತದೆ.

"ಇದು ನಡುವೆ ನಿಂತುಹೋಗಲ್ಲ ತಾನೇ?" ಕಂದಸಾಮಿ ತೆಳ್ಳನೆಯದನ್ನು ಮುಟ್ಟಿ ಕೇಳಿದರು. "ಬಾಗಿಲು ಹಾಕಿದ ಕೋಣೆ. ಪಕ್ಕದ ಸದ್ದೂ ಸರಿಯಾಗಿ ಕೇಳಬೇಕು."

ಸುಂದರ್ ಆ ಕಡೆಯಿಂದ ನಕ್ಕ. "ಏನಯ್ಯಾ, ನಿಮಗೆ ಬೇಕಿರೋದು ಫೋನಾ, ಜೈಲಾ?"

ಕಂದಸಾಮಿಯ ಮುಖ ಬಿಳಿಚಿತು. "ಸರಿ ಸಾರ್. ಬೇಗ ಮುಗಿಸ್ತೀನಿ ಸಾರ್."

"ನನಗೂ ಸಾರ್ ಅಂದರಲ್ಲ!" ಸುಂದರ್ ಕಾಲರ್ ಎತ್ತಿಕೊಂಡ.

ಆಗಲೇ ಅವರು ಕಣ್ಣು ಮುಚ್ಚಿ, ಪ್ರಾರ್ಥನೆಯಂತೆ ಗೊಣಗತೊಡಗಿದರು. ತಮಿಳಲ್ಲ. ಜೆಯಂತಿಯ ಮನೆಯ ಮಾತು, ಕನ್ನಡ.

"ಬಾಗಿಲು ತೆಗೆಯೋ ಗೋಪಾಲಾ, ಒಳಗೆ ನಾನಿವ್ನಿ..."

ಅವಳಿಗೆ ಗೊತ್ತಿದ್ದ ಪದವೇ. ದೇವರ ದನಗಳ ದೊಡ್ಡಿಯ ಮುಂದೆ ನಿಂತು ಅಜ್ಜಿ ಕರುಪ್ಪಾಯಿ ಹೇಳುತ್ತಿದ್ದದ್ದು: 'ಬಾಗಿಲು ತೆಗೆಯೋ ಗೋಪಾಲಾ, ಒಳಗೆ ಹಸುವೈತೆ.' ಒಬ್ಬರು ಈ ಸಾಲು ಎತ್ತಿದರೆ, ಕೇಳಿದವರು ಎಲ್ಲೇ ಇದ್ದರೂ ಎದುರು ಸಾಲು ಕೊಡಬೇಕು: 'ಬಂದೆ ಬಂದೆ ಇರು ಕಂದಾ, ಕೂಗು ಕೇಳೈತೆ.' ಕೊಡದಿದ್ದರೆ ಅಜ್ಜಿ ತಲೆಗೆ ಮೊಟಕುತ್ತಿದ್ದಳು.

ಈ ಮನುಷ್ಯನಿಗೆ ಪದವೂ ನೆಟ್ಟಗೆ ಬಾರದು. ಹಸುವಿನ ಜಾಗದಲ್ಲಿ ನಾನು! ಪ್ರಾಸವೇ ಕೆಟ್ಟಿತು. ಹೆಣ್ಣನ್ನು ಕೂಡಿಹಾಕುವವನ ಬಾಯಲ್ಲಿ ದೇವರ ಪದ ಇನ್ನು ಹೇಗೆ ಬಂದೀತು?

ಅವರು ಕಣ್ಣು ತೆರೆದರು. ಅವಳನ್ನೇ ನೋಡುತ್ತಾ ಮತ್ತೊಮ್ಮೆ ಹೇಳಿದರು. ಅದೇ ತಪ್ಪು. ಹೇಳಿ, ಕಾದರು.

ಎದುರು ಸಾಲು ಜೆಯಂತಿಯ ನಾಲಗೆಯ ತುದಿಗೆ ಬಂದಿತ್ತು. ಅವಳು ತುಟಿ ಬಿಗಿದಳು.

"ಇದನ್ನೇ ತಗೊಳ್ಳಿ," ಎಂದಳು ತಮಿಳಿನಲ್ಲಿ, ತೆಳ್ಳನೆಯ ಫೋನನ್ನು ಮುಂದೆ ತಳ್ಳಿ. "ನಿಲ್ಲೋದೇ ಇಲ್ಲ."

ಒಳಗಿರುವ ಆ ಹೆಣ್ಣಿಗೆ ಒಂದು ಗಳಿಗೆಯಾದರೂ ಯಾರೂ ನೋಡದ ಉಸಿರು ಸಿಗಲಿ ಎಂದುಕೊಂಡಳು. ಕಂದಸಾಮಿ ಡಬ್ಬಿಯನ್ನು ಎದೆಗವಚಿಕೊಂಡು ಹೊರಟರು. ಬಾಗಿಲಲ್ಲಿ ಒಮ್ಮೆ ತಿರುಗಿ ನಿಂತರು. ಜೆಯಂತಿ ಮುಂದಿನ ಗಿರಾಕಿಯನ್ನು ಕರೆದಳು.

ಮರುದಿನ ಮಧ್ಯಾಹ್ನ ಒಬ್ಬ ಹೆಂಗಸು ಅದೇ ಡಬ್ಬಿ ಹಿಡಿದು ಬಂದರು. "ನಾನು ಪಾಂಡಿಯಮ್ಮಾಳ್, ತೇವಾರಂ ಕಂದಸಾಮಿಯವರ ಹೆಂಡತಿ. ಇದನ್ನು ಮಾರಿದ್ದು ನೀನೇನಮ್ಮಾ?" ಅವರದೂ ತಮಿಳೇ.

ಜೆಯಂತಿ ಗಾಜಿನ ಪೆಟ್ಟಿಗೆಯ ಮೇಲೆ ಬಾಗಿದಳು. ಅವರ ಕೈ ಹಿಡಿದುಕೊಂಡು ಮೆಲ್ಲನೆ ಕೇಳಿದಳು: "ಅಮ್ಮಾ, ಹೇಗೆ ಹೊರಗೆ ಬಂದ್ರಿ? ಅವರಿಗೆ ಗೊತ್ತಾ?"

"ನಾನು ಯಾವಾಗ ಒಳಗಿದ್ದೆ? ಪಳನಿಗೆ ಮಗಳ ಬಾಣಂತನಕ್ಕೆ ಹೋಗಿದ್ದೆ. ಬೆಳಿಗ್ಗೆ ತಾನೇ ಬಂದೆ." ಪಾಂಡಿಯಮ್ಮಾಳ್ ಡಬ್ಬಿಯನ್ನು ಗಾಜಿನ ಮೇಲಿಟ್ಟರು. "ವಾಪಸ್ಸು ಕೊಡೋಕೆ ಬಂದಿಲ್ಲ ತಾಯಿ, ಕೈ ಮುಗಿಯೋಕೆ ಬಂದೆ. ಈ ಫೋನು ಕಾದು ನಿಂತುಹೋದ ಮೇಲೇ ನನ್ನ ಯಜಮಾನರು ನನಗೆ ಎಲ್ಲಾ ಹೇಳಿದ್ದು, ಅವರ ಪ್ರಾಣ ಉಳಿದದ್ದು. ಪೊಲೀಸು ಅಂತ ಯಾವನೋ ವಿಡಿಯೋ ಕಾಲಿನಲ್ಲಿ ಅವರನ್ನೇ ಮನೆಯೊಳಗೆ ಅರೆಸ್ಟ್ ಮಾಡಿ ಕೂರಿಸಿದ್ದ. ಮಲಗಿದರೂ ಮುಖ ಕಾಣಬೇಕಂತೆ, ಕಾಲ್ ಕಟ್ಟಾದರೆ ಮಗಳನ್ನು ಎಳೆದೊಯ್ತಾರಂತೆ. ಹಳೇ ಫೋನು ಸಾಯ್ತಾ ಇದೆ, ಹೊಸದು ತಾ ಅಂತ ಕಳಿಸಿದವನೂ ಅವನೇ. ಜೇಬಿನಲ್ಲಿ ಕೂತು ಎಲ್ಲಾ ಕೇಳ್ತಿದ್ದನಂತೆ. ಅವನಿಗೆ ತಮಿಳು ಬರುತ್ತೆ, ಕನ್ನಡ ಬರಲ್ಲ. ದೇವರ ಪದ ಹೇಳೋಕೆ ಮಾತ್ರ ಬಿಟ್ಟಿದ್ದ."

ಜೆಯಂತಿ ಡಬ್ಬಿಯನ್ನು ತನ್ನ ಕಡೆಗೆ ಎಳೆದುಕೊಂಡಳು.

"ಈಗ ಬಾಗಿಲು ತೆರೆದಿಟ್ಟರೂ ಹೊರಗೆ ಬರ್ತಿಲ್ಲ. ಒಂದೇ ಮಾತು ಹೇಳ್ತಾ ಕೂತಿದ್ದಾರೆ," ಎಂದರು ಪಾಂಡಿಯಮ್ಮಾಳ್. "'ಆ ಅಂಗಡಿ ಹುಡುಗಿ ನಮ್ಮವಳು ಅಂದ್ಕೊಂಡಿದ್ದೆ. ನಮ್ಮವಳಾಗಿದ್ದರೆ ಎದುರು ಸಾಲು ಕೊಡ್ತಿದ್ದಳು.'"