ಸಾಲು ಮುಗಿಯುವಲ್ಲಿ

"ಏನೂ ಕಾಣಿಸ್ತಿಲ್ಲ ಅಲ್ವಾ?" ಪರೀಕ್ಷಕರು ಗಡಿಯಾರ ನೋಡಿದರು. "ಇನ್ನು ಹತ್ತು ನಿಮಿಷ ಇದೆ. ಬೆಳಿಗ್ಗೆಯಿಂದ ಇಬ್ಬರು ಈ ಅಜ್ಜಿ ಹತ್ರಾನೇ ಸೋತು ಹೋದ್ರು. ನೀನು ಮೂರನೆಯವಳು."

ನರ್ಸಮ್ಮ ಅಜ್ಜಿಯ ಎದೆಯ ಮೇಲೆ ಸ್ಕ್ಯಾನಿನ ಪ್ರೋಬನ್ನು ಚೂರು ಸರಿಸಿದಳು. ಹನ್ನೊಂದು ವರ್ಷ ವಾರ್ಡಿನಲ್ಲಿ ದುಡಿದು, ಹೃದಯದ ಎಕೋ ಸ್ಕ್ಯಾನ್ ತೆಗೆಯುವುದನ್ನು ಕಲಿಯಲೆಂದು ಮತ್ತೆ ಬೆಂಚಿನ ಮೇಲೆ ಕೂತವಳು. ಎರಡು ಸಲ ನಪಾಸಾಗಿದ್ದಳು. ಇದು ಕೊನೆಯ ಅವಕಾಶ. ಅಜ್ಜಿಯ ಪಕ್ಕೆಲುಬುಗಳ ನಡುವೆ ಪ್ರೋಬ್ ಒತ್ತಿ ಹಿಡಿದ ಕೈ ಮರಗಟ್ಟಿತ್ತು. ಗಾಳಿ ತುಂಬಿದ ಶ್ವಾಸಕೋಶ ಅಡ್ಡ ಬಂದು, ಪರದೆಯ ತುಂಬ ಬೂದು ಮಂಜು.

"ಅಜ್ಜಿ, ಉಸಿರು ಪೂರ್ತಿ ಬಿಟ್ಟು ಹಾಗೇ ಹಿಡ್ಕೊಳ್ಳಿ."

"ಹಿಡಿ ಅಂದ್ರೆ ಕೆಮ್ಮು ಬರುತ್ತೆ. ಎಂಬತ್ತು ವರ್ಷ ನನ್ನನ್ನ ಕೇಳದೇ ಓಡಾಡಿದ ಉಸಿರು ಕಣಮ್ಮಾ, ಈಗ ನನ್ನ ಮಾತು ಎಲ್ಲಿ ಕೇಳುತ್ತೆ?"

ಅಜ್ಜಿ ಕಣ್ಣು ಮುಚ್ಚಿಕೊಂಡು, ಅಳುಕು ಮರೆಯಲೆಂಬಂತೆ, ಮೆಲುದನಿಯಲ್ಲಿ ಯಾವುದೋ ಪದ್ಯ ಹೇಳಿಕೊಳ್ಳತೊಡಗಿದರು.

"ಮಾತಾಡ್ಬೇಡಿ ಅಜ್ಜಿ" ಎಂದರು ಪರೀಕ್ಷಕರು.

ನರ್ಸಮ್ಮನ ಕಣ್ಣು ಪರದೆಯ ಮೇಲಿತ್ತು. ಸಾಲು ಮುಗಿದು ದನಿ ಇಳಿದು ನಿಂತಲ್ಲಿ ಮಂಜು ಸರಿದು, ಹೃದಯದ ಒಂದು ಕವಾಟ ಮಿಂಚಿ ಮರೆಯಾಯಿತು.

"ನಿಲ್ಲಿಸಬೇಡಿ ಅಜ್ಜಿ, ಜೋರಾಗೇ ಹೇಳಿ. ಸಾಲಿನ ಕೊನೆಗೆ ಮಾತ್ರ ಚೂರು ತಡೆದು, ಆಮೇಲೆ ಮುಂದಕ್ಕೆ ಹೋಗಿ."

"ಇದು ಪರೀಕ್ಷೆ. ಪದ್ಯದ ಸ್ಪರ್ಧೆ ಅಲ್ಲ."

"ಗೊತ್ತು ಸರ್. ಹತ್ತು ನಿಮಿಷ ಇನ್ನೂ ನನ್ನದೇ ಅಲ್ವಾ?"

ಅಜ್ಜಿ ದನಿಯೆತ್ತಿದರು. ನೀಳವಾದ ಸಾಲು ಉಸಿರನ್ನೆಲ್ಲ ನಿಧಾನವಾಗಿ ಖರ್ಚು ಮಾಡುತ್ತಿತ್ತು. ಕೊನೆಗೆ ಎದೆ ತಾನಾಗಿ ತಗ್ಗಿ ತಣ್ಣಗೆ ನಿಲ್ಲುತ್ತಿತ್ತು. ಅಲ್ಲಿ ನರ್ಸಮ್ಮ ಚಿತ್ರ ಹಿಡಿದಳು. ಒಂದು ಸಾಲಿಗೆ ಕವಾಟ, ಇನ್ನೊಂದಕ್ಕೆ ಹೃದಯದ ಎಡಗೋಣೆಯ ಗೋಡೆ. ಏಳನೆಯ ಸಾಲಿಗೆ, ಹಿಂದಕ್ಕೆ ಹರಿಯುವ ರಕ್ತ, ಪರದೆಯ ಮೇಲೆ ಒಂದು ತೆಳು ನೀಲಿ ಎಳೆ.

"ಕವಾಟದಲ್ಲಿ ಸಣ್ಣ ಸೋರಿಕೆ ಇದೆ ಸರ್. ಹಳೇ ರಿಪೋರ್ಟಲ್ಲಿ ಇದು ಇಲ್ಲ." ಅಜ್ಜಿಯತ್ತ ಬಾಗಿದಳು. "ಸಣ್ಣದೇ ಅಜ್ಜಿ, ಹೆದರಬೇಡಿ."

"ಎಂಬತ್ತು ವರ್ಷದ ಮನೆ, ಸೋರದೆ ಇರುತ್ತಾ?"

ಪರೀಕ್ಷಕರು ಕನ್ನಡಕ ಒರೆಸಿಕೊಂಡು ಪರದೆಯನ್ನು ಬಹಳ ಹೊತ್ತು ನೋಡಿದರು. ಹಾಳೆಯ ಮೇಲೆ 'ತೇರ್ಗಡೆ' ಎಂದು ಬರೆದು ಸಹಿ ಹಾಕಿದರು. ಆದರೆ ಹೊರಡಲಿಲ್ಲ. ಕೋಟಿನ ತೋಳು ಮಡಚಿ, ಕೈ ಚಾಚಿದರು.

"ಪ್ರೋಬ್ ಕೊಡಿ ಇಲ್ಲಿ. ನಾನೂ ಒಂದ್ಸಲ ನೋಡ್ತೀನಿ."

ನರ್ಸಮ್ಮ ಎದ್ದು ತನ್ನ ಸ್ಟೂಲನ್ನು ಅವರಿಗೆ ಬಿಟ್ಟುಕೊಟ್ಟಳು. ಅಜ್ಜಿ ಒಂದೇ ಕಣ್ಣು ತೆರೆದು, ಹೊಸದಾಗಿ ಬಂದು ಕೂತವರನ್ನು ಅಳೆದು ನೋಡಿದರು.

"ಕಲಿಯೋರು ಬದಲಾದ್ರಾ? ಹಾಗಾದ್ರೆ ಮೊದಲನೇ ಸಾಲಿಂದ ಹೇಳ್ತೀನಿ."